ಕೇಳಿಸಬಾರದ ಡಬ್ಬಿಗೆ 22 ಸಾವಿರ

(ಆಂಧ್ರದ ಗಡಿಯ ಗುಮ್ಮಘಟ್ಟ. ಏಪ್ರಿಲ್ ತಿಂಗಳ ಮಧ್ಯಾಹ್ನ. 14 ಅಡಿ ಉದ್ದದ ಪಡಸಾಲೆ. ನಟ್ಟನಡುವೆ ಫ್ಯಾನು, ಅದರ ಕೆಳಗೆ ಮಾವನ ಕುರ್ಚಿ. ಟಿವಿಯ ಎರಡೂ ಬದಿಗೆ ಹೊಸ ಬುಕ್‌ಶೆಲ್ಫ್ ಸ್ಪೀಕರುಗಳು. ಮೂಲೆಯಲ್ಲಿ ಬಿತ್ತನೆ ಶೇಂಗಾ ಮೂಟೆಗಳು, ಅವುಗಳ ಹಿಂದೆ ಕರೇ ಡಬ್ಬಿ, ಅಂದರೆ ಬೇಸು ಹಾಡುವ ಸಬ್‌ವೂಫರ್. ಉದ್ದನೆ ಗೋಡೆಯ ಮಗ್ಗುಲಿಗೆ ಅತ್ತೆಯ ಹೊಲಿಗೆ ಮಿಷನ್ನು, ರಾಯದುರ್ಗದಿಂದ ಬಂದ ಜೀನ್ಸ್ ಪೀಸುಗಳ ರಾಶಿ. ಅಳಿಯ ಅಂದರೆ ಮಾವನ ಅಕ್ಕನ ಮಗ. ಬೆಂಗಳೂರಿನಲ್ಲಿ ಕೆಲಸ, ಆದ್ದರಿಂದ ಎಲ್ಲ ಗೊತ್ತು.)

ಮಾವ: ಲೋ, ಈ ಕರೇ ಡಬ್ಬಿಗೆ ಎಷ್ಟು ಕೊಟ್ಟೆ ಅಂದಿ?

ಅಳಿಯ: 22 ಸಾವಿರ, ಮಾವ.

ಮಾವ: ನಂಗೇನೂ ಕೇಳ್ತಾನೇ ಇಲ್ಲ.

ಅತ್ತೆ (ಅಡಿಗೆಮನೆ ಬಾಗಿಲಿನಿಂದ): ಕೇಳ್ದಿದ್ರೆ ಇಲ್ಲಿಗೆ ಬರ್ರಿ! ಸ್ಟ್ಯಾಂಡಿನಾಗಿರೋ ಲೋಟ ಎಲ್ಲಾ ಒಂದಕ್ಕೊಂದು ಮಾತಾಡ್ಕಂತಾವೆ. ಹಗರಿ ಹೊಳೆಗೆ ನೀರು ಬಂತು, ಬೀಟಿ ಪ್ರಾಜೆಕ್ಟ್ ಡ್ಯಾಮಿನ ಗೇಟ್ ಎತ್ತಿದ್ರು ಅಂತ ನಾನು ಹಿತ್ತಲಿಗೆ ಹೋಗಿ ನಿಂತು ಬಂದೆ.

ಮಾವ: ಹಗರಿಗೆ ನೀರು ಬಂದ್ರೆ ನಾನು ಹಿಂಗೆ ಕುಂತಿರ್ತೀನೇನೆ? ಲೋ, ಸೌಂಡ್ ಏರ್ಸು.

ಅತ್ತೆ: ಏರ್ಸಿ ನೋಡು! ಮಾಳಿಗೆ ಗಾರೆ ಈಗ್ಲೇ ಉದುರ್ತೈತೆ.

ಅಳಿಯ: ಅದೂ ಆಗಿದ್ದೇ ಅತ್ತೆ. 1974ರಾಗೆ ಅಮೆರಿಕದಾಗೆ ‘ಅರ್ಥ್‌ಕ್ವೇಕ್’ ಅಂತ ಒಂದು ಸಿನಿಮಾ. ಭೂಕಂಪದ ಸೀನಿಗೆ ಥಿಯೇಟರಿನಾಗೆ ದೊಡ್ಡ ವೂಫರ್ ಇಟ್ಟು ಗುಡುಗಿಸಿದ್ರು. ಹಾಲಿವುಡ್ಡಿನ ಚೈನೀಸ್ ಥಿಯೇಟರಿನಾಗೆ ಚಾವಣಿ ಚೂರು ಜನದ ಮ್ಯಾಲೆ ಬೀಳದಂಗೆ ಬಲೆ ಕಟ್ಟಿದ್ರು.

ಅತ್ತೆ: ಹಂಗಾದ್ರೆ ಪ್ರಾಜೆಕ್ಟಿಗೆ ಹೋಗಿ ಮೀನು ಹಿಡಿಯೋರ ಹತ್ರ ಒಂದು ಬಲೆ ಇಸ್ಕಂಡು ಬಾ. ಆಮ್ಯಾಲೆ ಹಾಡು ಹಾಕು.

ಅಳಿಯ: ಬಲೆ ಬ್ಯಾಡ, ಕುರ್ಚಿ ಸರಿಸಿದ್ರೆ ಸಾಕು. ಪಡಸಾಲೆ 14 ಅಡಿ. 40 ಹರ್ಟ್ಸಿನ ಸಪ್ಳದ ಅಲೆ 28 ಅಡಿ, ಸರೀ ಎರಡರಷ್ಟು. ಅಂಥ ಅಲೆ ಈ ಗೋಡೆಗೂ ಆ ಗೋಡೆಗೂ ಬಡ್ಕಂಡು ಅಲ್ಲೇ ನಿಂತ್ಕಂತೈತೆ. ಗೋಡೆ ಹತ್ರ ಜೋರು, ನಟ್ಟನಡುವೆ ಸೊನ್ನೆ. ಅತ್ತೆ ಗೋಡೆ ಹತ್ರ ಅವ್ರೆ. ನೀವು ಸೊನ್ನೆಯಾಗೆ ಕುಂತಿದೀರಿ.

ಮಾವ: ನಾನು ಫ್ಯಾನಿನ ಕೆಳಗೆ ಕುಂತಿದೀನಿ.

ಅಳಿಯ: ಎರಡೂ ಒಂದೇ ಜಾಗ.

ಮಾವ: ಅಂದ್ರೆ ಬೇಸು ಅತ್ತೆಗೆ, ಗಾಳಿ ನನಗೆ ಅಂತ ಪಾಲು ಮಾಡಿದೀಯ.

ಅಳಿಯ: ಕುರ್ಚಿ ಒಂದ್ ಮೂರಡಿ ಹಿಂದಕ್ಕೆ...

ಮಾವ: ಏಪ್ರಿಲ್‌ನಾಗಾ? ಗುಮ್ಮಘಟ್ಟದಾಗಾ?

(ಈ ಎರಡು ಪ್ರಶ್ನೆಗಳಿಗೆ ಯಾವ ಶಬ್ದಶಾಸ್ತ್ರದ ಪುಸ್ತಕದಲ್ಲೂ ಉತ್ತರ ಇಲ್ಲ.)

ಮಾವ: ಇನ್ನೊಂದು ಹೇಳ್ತೀನಿ ಕೇಳು. ಬೆಳಗ್ಗೆ ‘ಬಭ್ರುವಾಹನ’ ಹಾಕಿದ್ಯಲ್ಲ. ಅಣ್ಣಾವ್ರ ಮುಖ ಟಿವಿನಾಗೆ, ಗಂಟಲು ಸ್ಪೀಕರಿನಾಗೆ, ಎದೆ ಮಾತ್ರ ಶೇಂಗಾ ಮೂಟೆ ಹಿಂದೆ. ಅದರಾಗೆ ಅವ್ರಿಗೆ ಎರಡು ಪಾತ್ರ. ಒಟ್ಟು ಆರು ತುಂಡು ಆದ್ರು.

ಅಳಿಯ: ಅದು ಕ್ರಾಸ್‌ಓವರ್, ಅಂದ್ರೆ ಸಪ್ಳ ಡಬ್ಬಿಗೂ ಸ್ಪೀಕರಿಗೂ ಪಾಲಾಗೋ ಗೆರೆ, 150 ಹರ್ಟ್ಸಿಗೆ ಇದ್ದಿದ್ದಕ್ಕೆ. ಗಂಡಸರ ದನಿ 100ರ ಆಸುಪಾಸಿನಿಂದ್ಲೇ ಸುರು. ಅಷ್ಟು ಮ್ಯಾಲಿನದು ಡಬ್ಬಿಗೆ ಹೋದ್ರೆ ಎಲ್ಲಿಂದ ಬಂತು ಅಂತ ಕಿವಿ ಕಂಡುಹಿಡಿದು ಬಿಡ್ತೈತೆ. 80ರ ಕೆಳಗಿನದಾದ್ರೆ ಕಿವಿಗೆ ದಿಕ್ಕು ತಿಳಿಯಲ್ಲ. ಅದಕ್ಕೇ 80ಕ್ಕೆ ಇಳಿಸ್ತೀನಿ.

ಮಾವ: 80 ಅಂತ ಯಾರು ಹೇಳಿದ್ದು?

ಅಳಿಯ: ‘ಸ್ಟಾರ್ ವಾರ್ಸ್’ ತೆಗೆದ ಜಾರ್ಜ್ ಲೂಕಾಸ್ ಕಂಪನಿಯೋರು. 1983ರಾಗೆ ಥಿಯೇಟರಿಗೆ ಟಿಎಚ್‌ಎಕ್ಸ್ ಅಂತ ಒಂದು ಕಟ್ಟಳೆ ತಂದ್ರು. ಆಮ್ಯಾಲೆ ಅದನ್ನೇ ಮನೆಗೂ ತಂದಾಗ 80ಕ್ಕೆ ಗೆರೆ ಎಳೆದ್ರು.

ಮಾವ: ಅವ್ರು ಗುಮ್ಮಘಟ್ಟ ನೋಡಿದ್ರಾ?

ಅಳಿಯ: ನಮ್ಮ ಸ್ಪೀಕರ್ ನೋಡಿದ್ರೂ ಅದನ್ನೇ ಹೇಳ್ತಿದ್ರು. ಐದಿಂಚಿನ ಕೋನು, 60ರ ಕೆಳಗೆ ಅದಕ್ಕೆ ಉಸಿರೇ ಇಲ್ಲ. ಆ ಕೆಲಸ ಡಬ್ಬಿಗೆ ಒಪ್ಪಿಸಿದ್ರೆ ಉಳಿದದ್ದನ್ನ ಸ್ಪೀಕರ್ ಹಗುರಾಗಿ ಹಾಡ್ತೈತೆ. ಅದಕ್ಕೆ ಸ್ಪೀಕರಿಗೂ ಡಬ್ಬಿಗೂ ಸಪ್ಳ ಹಂಚೋ ರಿಸೀವರಿನಾಗೆ ಸ್ಪೀಕರ್ ‘ಸ್ಮಾಲ್’ ಅಂತ ಒತ್ಬೇಕು.

ಮಾವ: ಸ್ಮಾಲಾ? ದುಡ್ಡು ಕೊಟ್ಟು ಸ್ಮಾಲ್ ಅನ್ನಿಸ್ಕಬೇಕಾ? ‘ಲಾರ್ಜ್’ ಐತೇನು?

ಅಳಿಯ: ಐತೆ, ಆದ್ರೆ...

ಮಾವ: ಒತ್ತು ಮತ್ತೆ. ಮನೆಗೆ ನಾಕು ಜನ ಬರ್ತಾರೆ.

ಅಳಿಯ: ಅದು ಮರ್ಯಾದೆ ಅಲ್ಲ ಮಾವ, ಸೋಸೋ ಲೆಕ್ಕ. ಲಾರ್ಜ್ ಒತ್ತಿದ್ರೆ ತಳದ ಸಪ್ಳ ಎಲ್ಲಾ ಆ ಐದಿಂಚಿನ ಕೋನಿನ ತಲೆ ಮ್ಯಾಲೆ. ಡಬ್ಬಿ ಹಿಂದಿನ ಕ್ರಾಸ್‌ಓವರ್ ತಿರುಪನ್ನೂ ಕೊನೆಗೆ ತಿರುಗಿಸಿ ಬಿಡ್ತೀನಿ. ರಿಸೀವರ್ ಸೋಸಿದ್ದನ್ನ ಡಬ್ಬಿ ಮತ್ತೆ ಸೋಸ್ಬಾರ್ದು.

ಮಾವ: ಮೂಟೆ ಹಿಂದೆ ಇಟ್ಟಿದ್ಯಾಕೆ? ಶೇಂಗಾ ಸೌಂಡ್ ಕುಡೀತೈತೆ ಅಂತಾನಾ?

ಅಳಿಯ: 28 ಅಡಿ ಅಲೆ ನಿಮ್ಮ ಮೂಟೆಗೆ ಹೆದರಲ್ಲ. ಅಲ್ಲಿ ಜಾಗ ಇತ್ತು, ಇಟ್ಟೆ. ಮೂಲೆಯಾಗಿಟ್ರೆ ಬೇಸು ಇನ್ನೂ ಉಬ್ಬುತೈತೆ. ಈಗ ಸರಿಯಾಗಿ ಹುಡುಕೋಣ. ಮಾವ, ಒಸಿ ಏಳ್ರಿ.

(ಮಾವ ಏಳುತ್ತಾರೆ. ಅಳಿಯ ಡಬ್ಬಿಯನ್ನು ಹೊತ್ತು ತಂದು ಕುರ್ಚಿಯ ಮೇಲೆ ಕೂರಿಸುತ್ತಾನೆ. ಗುಂ ಗುಂ ಅನ್ನುವ ಒಂದು ಟೋನು ಹಾಕಿ, ತಾನು ಕಡಪಾ ಬಂಡೆಯ ಮೇಲೆ ಅಂಬೆಗಾಲಿಕ್ಕಿ ಗೋಡೆಯ ಗುಂಟ ಹೊರಡುತ್ತಾನೆ. ಬಾಗಿಲಲ್ಲಿ ಪಕ್ಕದ ಮನೆ ಅಜ್ಜ.)

ಅಜ್ಜ: ಏನ್ ಕಳ್ಕಂಡಾನೆ ಹುಡ್ಗ?

ಮಾವ: 22 ಸಾವಿರ.

ಅಜ್ಜ: ಅಯ್ಯೋ ಪಾಪ! ಸಿಕ್ತಾ?

ಮಾವ: ಹುಡುಕ್ತಾ ಅವ್ನೆ.

ಅಜ್ಜ: ಕುರ್ಚಿ ಮ್ಯಾಲೆ ಯಾರು ಕುಂತಿರೋದು?

ಮಾವ: ಇವತ್ತಿಂದ ಮನೆ ಯಜಮಾನ್ರು ಅವ್ರೇ.

ಅಳಿಯ (ಮಂಚದ ಕೆಳಗಿನಿಂದ): ಅಜ್ಜ, ಇಲ್ಲಿಂದ ಅಲ್ಲಿಗೆ ಕೇಳೋದೂ ಅಲ್ಲಿಂದ ಇಲ್ಲಿಗೆ ಕೇಳೋದೂ ಒಂದೇ ಲೆಕ್ಕ. ಕೂರೋ ಜಾಗದಾಗೆ ಡಬ್ಬಿ ಇಟ್ಟು ನಾವು ಡಬ್ಬಿ ಜಾಗದಾಗೆ ತಿರುಗಬೇಕು. ಎಲ್ಲಿ ಬೇಸು ಉಬ್ಬದೆ, ಬತ್ತದೆ ಸಮನಾಗಿ ಕೇಳ್ತೈತೋ ಅಲ್ಲೇ ಡಬ್ಬಿ ಇಡೋದು.

ಅಜ್ಜ: ಬೆಂಗಳೂರಾಗೆ ಎಲ್ರೂ ಹಿಂಗೇ ತಿರುಗ್ತಾರಾ?

ಅಳಿಯ: ಬಾಗಿಲು ಹಾಕ್ಕಂಡು ತಿರುಗ್ತಾರೆ. ಹಾಂ, ಸಿಕ್ತು! ಇಲ್ಲೇ, ಮಿಷನ್ ಪಕ್ಕ. ಗೋಡೆಯ ಉದ್ದಕ್ಕೆ ಸರೀ ನಡುಮಧ್ಯ. ಇಲ್ಲಿಟ್ರೆ ಆ 40ರ ಅಲೆ ಎದ್ದೇಳಲ್ಲ. ಅತ್ತೆಗೆ ಗುಡುಗಿಲ್ಲ, ಮಾವನಿಗೆ ಸೊನ್ನೆಯಿಲ್ಲ, ಕುರ್ಚಿ ಫ್ಯಾನ್ ಬಿಟ್ಟು ಕದಲೋದೂ ಬ್ಯಾಡ.

ಅತ್ತೆ: ಅಲ್ಲಿ ನನ್ನ ಪೀಸ್ ಐತೆ. ನಾಳೆ ರಾಯದುರ್ಗದ ಆಟೋ ಬರ್ತೈತೆ, ಎಣಿಸಿ ಕೊಡ್ಬೇಕು.

ಅಳಿಯ: ಡಬ್ಬಿ ಮ್ಯಾಲೇ ಪೀಸ್ ಇಟ್ಕಳ್ರಿ ಅತ್ತೆ.

ಅತ್ತೆ: ಹೌದಾ? (ಡಬ್ಬಿಯನ್ನು ಮೊದಲ ಸಲ ಪ್ರೀತಿಯಿಂದ ನೋಡುತ್ತಾ) ಎತ್ತರ ಸರಿಯಾಗೈತೆ. ಇರ್ಲಿ ಬಿಡು.

(ಡಬ್ಬಿ ಮಿಷನ್ ಪಕ್ಕ ಕೂತಿತು. ಅದರ ಮೇಲೆ ಜೀನ್ಸು. ಮಾವನಿಗೆ ಕುರ್ಚಿ ಮರಳಿತು.)

ಅಳಿಯ: ಈಗ ಫೇಸು. ಹಿಂದೆ ಒಂದು ಸ್ವಿಚ್ ಐತೆ, ಸೊನ್ನೆ ಇಲ್ಲಾ 180. ಎರಡೂ ಸಲ 80ರ ಟೋನ್ ಹಾಕ್ತೀನಿ, ಯಾವುದು ಜೋರು ಹೇಳ್ರಿ. ಇದು ಒಂದು... ಇದು ಎರಡು.

ಮಾವ: ಮೊದಲನೇದು ಜೋರು.

ಅತ್ತೆ: ಎರಡನೇದು ಸಣ್ಣಗಿತ್ತು. ಅದೇ ಇರ್ಲಿ.

ಅಳಿಯ: ಅದು ಸಣ್ಣಗಾಗಿದ್ದು ಸ್ಪೀಕರೂ ಡಬ್ಬಿಯೂ ಒಂದನ್ನೊಂದು ತಿಂದಿದ್ದಕ್ಕೆ ಅತ್ತೆ.

ಅತ್ತೆ: ತಿನ್ಲಿ.

ಅಳಿಯ: ನಾಗರಪಂಚಮಿಗೆ ಜೋಕಾಲಿ ಕಟ್ತೀರಲ್ಲ, ಹಿಂದೊಬ್ರು ಮುಂದೊಬ್ರು ನಿಂತು ತೂಗ್ತೀರಿ. ಜೋಕಾಲಿ ಹೋಗೋ ಹೊತ್ತಿಗೆ ಸರಿಯಾಗಿ ಇಬ್ರೂ ಕೈ ಕೊಟ್ರೆ ಮುಗಿಲಿಗೆ ಹೋಗ್ತೈತೆ. ಒಬ್ರು ದೂಡೋ ಹೊತ್ತಿಗೆ ಇನ್ನೊಬ್ರು ತಡೆದ್ರೆ?

ಅತ್ತೆ: ಕುಂತೋರು ಬೈತಾರೆ.

ಅಳಿಯ: ಅದೇ ಫೇಸು.

ಅಜ್ಜ: ಇಷ್ಟು ಹೇಳೋಕೆ ಇಂಗ್ಲೀಷ್ ಯಾಕೆ ಬೇಕಾಗಿತ್ತೋ.

ಅಳಿಯ: ಇನ್ನು ಅಳತೆ. ಡಬ್ಬಿ ಸಪ್ಳ ಸ್ಪೀಕರಿಗೆ ಸರಿಸಮ ಇರ್ಬೇಕು. ಫೋನಿನಾಗೆ ಡೆಸಿಬಲ್ ಆ್ಯಪ್ ಐತೆ, ಆದ್ರೆ ಫೋನ್ ಮೈಕು ತಳದ ಸಪ್ಳಕ್ಕೆ ನೆಚ್ಚೋಹಂಗಿಲ್ಲ. ಕೊನೆಗೆ ಕಿವಿಯಾಗೇ ತೂಗ್ಬೇಕು. ಇಳಿಸ್ತಾ ಬರ್ತೀನಿ, ಡಬ್ಬಿ ಐತೆ ಅಂತ ಮರೆತು ಹೋದ ತಕ್ಷಣ ಹೇಳ್ರಿ.

ಮಾವ: ಮರೆತು ಹೋಗಿರೋದನ್ನ ಹೆಂಗೋ ಹೇಳ್ಲಿ?

ಅತ್ತೆ: ಮದುವೆ ಆದ ದಿನ ಹಿಂಗೇ ಅಂದಿದ್ರು.

(ಗಾಯಕ ಘಂಟಸಾಲರ ಹಾಡು ಬರುತ್ತದೆ. ಮಾವ ಎದ್ದು ಡಬ್ಬಿಗೆ ಕಿವಿ ಕೊಡುತ್ತಾರೆ.)

ಮಾವ: ಸತ್ತು ಹೋಗೈತಲ್ಲೋ!

ಅಳಿಯ: ಹಳೇ ರೆಕಾರ್ಡಿಂಗ್ ಮಾವ. ಅಷ್ಟು ಕೆಳಗಿನ ಸಪ್ಳ ಅದರಾಗೆ ಇಲ್ವೇ ಇಲ್ಲ. ಇಲ್ಲದ್ದನ್ನ ಡಬ್ಬಿ ಎಲ್ಲಿಂದ ತರ್ಲಿ? ಇರ್ರಿ, ‘ಗೀತಾ’ ಸಿನಿಮಾದ ಹಾಡು ಹಾಕ್ತೀನಿ. 1981ರದು, ಇಳಯರಾಜ ಸಂಗೀತ. ಬೇಸ್ ಗಿಟಾರ್ ಕೇಳ್ರಿ. ಅದರ ದಪ್ಪ ತಂತಿ 41 ಹರ್ಟ್ಸಿಗೆ ಇಳೀತೈತೆ.

(ಹಾಡು ಸುರುವಾಯಿತು. ಅಜ್ಜ ಹೊಸ್ತಿಲ ಮೇಲೆ ಕೂತು ತಲೆದೂಗುತ್ತಾ ತೆಲುಗಿನಲ್ಲಿ "ಬಾಗುಂದಿ, ಬಾಗುಂದಿ" ಅಂದರು. ಗುಮ್ಮಘಟ್ಟದಲ್ಲಿ ಮೆಚ್ಚುಗೆಗೆ ಭಾಷೆಯ ಗಡಿ ಇಲ್ಲ.)

ಮಾವ: ಹಾಡು ಚೆನ್ನಾಗೈತೆ. ಸ್ಪೀಕರೂ ಭಾರಿ ಐತೆ. ಡಬ್ಬಿ ಮಾತ್ರ ಈಗ್ಲೂ ಕೇಳ್ತಿಲ್ಲ.

ಅಳಿಯ: ಕೇಳ್ಬಾರ್ದು ಮಾವ! ಆ ಸಣ್ಣ ಸ್ಪೀಕರೇ ಇಷ್ಟೂ ಹಾಡ್ತೈತೆ ಅನ್ನಿಸ್ಬೇಕು. ಡಬ್ಬಿ ಕೇಳಿಸ್ತು ಅಂದ್ರೆ ಕೂಡಿಸಿದ್ದು ತಪ್ಪು.

ಮಾವ: ಅಲ್ಲಲೇ, ಕಣ್ಣಿಗೆ ಕಾಣಲ್ಲ, ಮ್ಯಾಲೆ ಜೀನ್ಸ್ ಐತೆ. ಕಿವಿಗೂ ಕೇಳಲ್ಲ. ಊರೋರಿಗೆ 22 ಸಾವಿರ ಹೆಂಗೆ ತೋರ್ಸ್ಲಿ?

ಅಜ್ಜ: ಬಿಲ್ ಇಟ್ಕಂಡಿದೀಯೇನಪ್ಪ? ಗೋಡೆಗೆ ಹಾಕು.

(ಮಾವನ ಕೈ ಡಬ್ಬಿಯ ತಿರುಪಿನ ಕಡೆ ಹೋಗುತ್ತದೆ. ಅಳಿಯ ಕೈ ಹಿಡಿಯುತ್ತಾನೆ. ಹಾಡು ನಡೆದಿದೆ. ಎರಡನೆಯ ಚರಣದ ಹೊತ್ತಿಗೆ ಮಾವ ಕುರ್ಚಿಯಲ್ಲಿ ನೆಟ್ಟಗಾಗುತ್ತಾರೆ.)

ಮಾವ: ಯಾರಲೇ ಅದು! ಹಾಡಿನ ಹೊಟ್ಟೆ ಕಿತ್ತೋರು ಯಾರು?

ಅಳಿಯ: ನಾನೇನೂ ಮುಟ್ಟಿಲ್ಲ ಮಾವ.

ಮಾವ: ಗಿಟಾರ್ ಎಲ್ಲಿ ಹೋಯ್ತು? ಬರೀ ತಗಡು ಉಳಿದೈತೆ!

ಅತ್ತೆ: ನಾನು ಡಬ್ಬಿ ಪ್ಲಗ್ ತೆಗ್ದು ಫೋನ್ ಚಾರ್ಜಿಗೆ ಹಾಕ್ದೆ. ಅದು ಹೆಂಗೂ ಕೇಳಲ್ಲ ಅಂತ ನೀವೇ ಅಂದ್ರಲ್ಲ.

ಅಳಿಯ (ಕುಣಿಯುತ್ತಾ): ಸೆಟ್ ಆಯ್ತು ಮಾವ! ಇದ್ದಾಗ ಗೊತ್ತಾಗ್ಲಿಲ್ಲ, ತೆಗೆದಾಗ ಗೊತ್ತಾಯ್ತು. ಇದೇ ಪರೀಕ್ಷೆ, ನೀವು ಪಾಸು!

ಮಾವ: ನನ್ನ ಪಾಸು ಆಮ್ಯಾಲೆ. ಮೊದ್ಲು ಆ ಫೋನ್ ತೆಗಿ.

ಅತ್ತೆ: 12 ಪರ್ಸೆಂಟ್ ಐತೆ. ಫುಲ್ ಆಗ್ಲಿ, ಆಮ್ಯಾಲೆ ನಿಮ್ಮ ಗಿಟಾರ್.

ಮಾವ: ಅಷ್ಟೊತ್ತಿಗೆ ಕರೆಂಟ್ ಹೋಗ್ತೈತೆ ಕಣೇ!