ಕಂಬಳದ ಅಡ್ಮಿನ್

ಆಟವನ್ನು ಆಡುವವರು, ಆಟವನ್ನು ನೋಡುವವರು ಎಂದು ಲೋಕದ ಜನರನ್ನು ಎರಡೇ ವರ್ಗಗಳಾಗಿ ವಿಂಗಡಿಸಿ ನಮ್ಮ ಹಿರಿಯರು ನಿಶ್ಚಿಂತರಾಗಿದ್ದರು. ಆಡದೆ, ನೆಟ್ಟಗೆ ನೋಡಲೂ ಆಗದೆ, ಆದರೂ ಆಟದ ಬಳಿಯಿಂದ ಕ್ಷಣಮಾತ್ರವೂ ಕದಲಲಾರದೆ ಇರುವ ಮೂರನೆಯ ವರ್ಗವೊಂದು ಮುಂದೆ ಹುಟ್ಟಲಿದೆಯೆಂಬ ಕಲ್ಪನೆ ಅವರಿಗೆ ಬರುವ ಸಂಭವವೇ ಇರಲಿಲ್ಲ. ಈ ವರ್ಗಕ್ಕೆ ಸೇರಿದವನಿಗೆ ಅಡ್ಮಿನ್ ಎಂದು ಹೆಸರು. ಕಂಬಳದ ಓಟದ ಕೆಸರುಹಾದಿಯಾದ ಕರೆಯಿಂದ ಕೂಗಳತೆಯ ದೂರದಲ್ಲಿ, ತಗಡಿನ ಚಪ್ಪರವೊಂದರ ಒಳಗೆ, ಓಡುವ ಕೋಣಗಳಿಗೆ ಬೆನ್ನು ಹಾಕಿ, ಲ್ಯಾಪ್‌ಟಾಪಿನ ಪರದೆಯನ್ನು ದಿಟ್ಟಿಸುತ್ತ ಅಹೋರಾತ್ರಿ ಕುಳಿತಿರುವ ಮುದುಕನೊಬ್ಬನನ್ನು ತಾವು ಎಂದಾದರೂ ಕಂಡಿದ್ದರೆ, ಅವನು ನಾನೇ ಇರಬಹುದು. ಅಥವಾ ನನ್ನ ಸೋದರಳಿಯನಂಥವನನ್ನೇ ಪಡೆದ ಬೇರೊಬ್ಬ ಭಾಗ್ಯಶಾಲಿಯಿರಬಹುದು.

ನನ್ನ ಸೋದರಳಿಯನದು ಕೆಮರಾದ ಉದ್ಯೋಗ. ಮದುವೆ, ಗೃಹಪ್ರವೇಶ, ಬ್ರಹ್ಮಕಲಶ, ಯಕ್ಷಗಾನ ಇವುಗಳನ್ನೆಲ್ಲ ಅವನು ಯೂಟ್ಯೂಬಿನಲ್ಲಿ ಲೈವ್ ಬಿಡುತ್ತಾನೆ. ಭತ್ತದ ಕೊಯ್ಲು ಮುಗಿದು ಕರಾವಳಿಯಲ್ಲಿ ಕೋಣಗಳು ಓಡುವ ಕಾಲ ಬಂದಿತೆಂದರೆ ಕಂಬಳವನ್ನೂ ಬಿಡುತ್ತಾನೆ. ಚುರುಕಾದ ಹುಡುಗರು ಅವನ ಬಳಿ ಬೇಕಾದಷ್ಟು ಮಂದಿ ಇದ್ದರು. ಆದರೆ ಅವರ ಚುರುಕುತನವೇ ಅವರ ದೋಷವಾಯಿತು. ನೇಗಿಲು ಹಿರಿಯ ವಿಭಾಗದ ಫೈನಲ್ ಆರಂಭವಾಗುತ್ತಲೇ ಅವರು ಡ್ಯಾಶ್‌ಬೋರ್ಡನ್ನು ದೇವರಿಗೆ ಒಪ್ಪಿಸಿ ಕರೆಯ ಬದಿಗೆ ಧಾವಿಸುವರು. “ಮಾವ, ನೀವು ಕೂತಲ್ಲಿಂದ ಏಳುವ ಜನ ಅಲ್ಲ. ನನಗೆ ಅಂಥವರೇ ಬೇಕು,” ಎಂದು ಅವನು ಒಂದು ದಿನ ನನ್ನ ಮನೆಯ ಚಾವಡಿಗೆ ಬಂದು ಕೇಳಿಕೊಂಡನು. ಬದುಕಿನ ಬಹುಭಾಗವನ್ನು ಹೈಸ್ಕೂಲಿನ ಮಾಸ್ತರಿಕೆಯಲ್ಲಿ ಕಳೆದ ನನ್ನ ಯಾವ ಗುಣವನ್ನೂ ಸಮಾಜವು ಇಷ್ಟು ನಿಷ್ಕೃಷ್ಟವಾಗಿ ಗುರುತಿಸಿ ಗೌರವಿಸಿದುದಿಲ್ಲ.

ಡ್ಯಾಶ್‌ಬೋರ್ಡನ್ನು ಕಾಣದವರಿಗಾಗಿ ಎರಡು ಮಾತು. ಪರದೆಯ ಒಂದು ಮೂಲೆಯಲ್ಲಿ, ಅಂಗೈಯಗಲದ ಚೌಕದೊಳಗೆ, ಓಟದ ಚಿತ್ರ ಮೂಡುತ್ತಿರುತ್ತದೆ. ಉಳಿದ ಸ್ಥಳವೆಲ್ಲ ಆ ಚಿತ್ರದ ಯೋಗಕ್ಷೇಮಕ್ಕೆ ಮೀಸಲು. ವೀಕ್ಷಕರ ಸಂಖ್ಯೆ, ಅದರ ಏರಿಳಿತದ ಗೆರೆ, ಬಿಟ್‌ರೇಟು, ಚಾಟಿನ ಪ್ರವಾಹ, ಇವೆಲ್ಲಕ್ಕೂ ಮೂಲವಾದ ಸ್ಟ್ರೀಮ್ ಕೀ ಎಂಬ ಗುಪ್ತಾಕ್ಷರಗಳ ಮಾಲೆ. ಈ ಕೀಯನ್ನು ಪ್ರಾಣದಂತೆ ಕಾಪಾಡತಕ್ಕದ್ದು. ಏಕೆಂದರೆ ಅದು ಯಾರ ಕೈಗೆ ಸಿಕ್ಕಿದರೂ ಅವನು ನಮ್ಮ ಚಾನೆಲಿನಲ್ಲಿ, ನಮ್ಮ ಕಂಬಳದ ಹೆಸರಿನಲ್ಲಿ, ತನ್ನ ಹಟ್ಟಿಯ ಎಮ್ಮೆ ಮೆಲುಕು ಹಾಕುವುದನ್ನು ಜಗತ್ತಿಗೆ ಬಿತ್ತರಿಸಬಹುದು. ಇನ್ನು ಸ್ಟ್ರೀಮಿನ ಆರೋಗ್ಯವನ್ನು ಸಾರುವ ದೀಪವೊಂದಿದೆ. ಎಲ್ಲವೂ ಸರಿಯಿದ್ದರೆ ಎಕ್ಸಲೆಂಟ್, ತುಸು ಕುಂದಿದರೆ ಗುಡ್, ಕೆಟ್ಟರೆ ಪೂರ್, ತೀರಿಕೊಂಡರೆ ನೋ ಡೇಟಾ. ತಲೆಮಾರುಗಳ ಮಕ್ಕಳ ಪ್ರಗತಿಪತ್ರದಲ್ಲಿ ಈ ಷರಾಗಳನ್ನೇ ಧಾರಾಳವಾಗಿ ಬರೆದು ಹಂಚಿದ ಕೈಗೆ, ಮುಪ್ಪಿನಲ್ಲಿ ಯಂತ್ರವೊಂದು ಅವುಗಳನ್ನು ಬಡ್ಡಿಸಮೇತ ಹಿಂದಿರುಗಿಸುತ್ತಿರುವುದನ್ನು ಕಂಡು ನನ್ನ ಹಳೆಯ ಶಿಷ್ಯರಿಗೆ ಸಂತೋಷವಾಗಬಹುದು.

ಆ ದೀಪ ಪೂರ್ ಆಗುವುದಕ್ಕೆ ಕಾರಣವನ್ನು ಹುಡುಕುತ್ತ ಹೋದರೆ ಮನುಷ್ಯಸ್ವಭಾವದ ಒಂದು ವಿಚಿತ್ರ ಗೋಚರಿಸುತ್ತದೆ. ನಾಲ್ಕಾರು ಸಿಮ್ಮುಗಳನ್ನು ಒಂದೇ ಪೆಟ್ಟಿಗೆಯೊಳಗೆ ಕೂಡಿಸಿ, ಅವೆಲ್ಲವುಗಳ ಶಕ್ತಿಯನ್ನು ಒಟ್ಟುಗೂಡಿಸಿ ನಾವು ಚಿತ್ರವನ್ನು ಮೇಲಕ್ಕೆ ಕಳುಹಿಸುತ್ತೇವೆ. ಬೆಳಗ್ಗೆ ಗದ್ದೆ ಬರಿದಾಗಿದ್ದಾಗ ಎಲ್ಲವೂ ಸುಗಮ. ಸಂಜೆ ಜನ ಜಮಾಯಿಸಿದರೆ ಊರಿನ ಟವರಿನ ಮೇಲೆ ಅವರೆಲ್ಲರ ಮೊಬೈಲುಗಳ ಭಾರ ಬೀಳುತ್ತದೆ. ಅಷ್ಟು ಮಂದಿ ಮೊಬೈಲಿನಲ್ಲಿ ಏನು ಮಾಡುತ್ತಿರುವರೆಂದು ನೋಡಲು ಒಮ್ಮೆ ಸೋದರಳಿಯನನ್ನು ಕಳುಹಿಸಿದೆನು. ಕರೆಯಿಂದ ಇಪ್ಪತ್ತು ಅಡಿ ದೂರದಲ್ಲಿ ನಿಂತು, ಮುಂದಿದ್ದವರ ತಲೆಗಳು ಅಡ್ಡವಾಗುತ್ತವೆಂಬ ಕಾರಣಕ್ಕೆ, ಅವರು ನಮ್ಮ ಲೈವನ್ನೇ ನೋಡುತ್ತಿದ್ದರು! ಅವರು ನೋಡುವುದರಿಂದ ಚಿತ್ರ ಕೆಡುತ್ತಿತ್ತು. ಚಿತ್ರ ಕೆಟ್ಟುದಕ್ಕಾಗಿ ಅವರೇ ಚಾಟಿನಲ್ಲಿ ನನ್ನನ್ನು ಬೈಯುತ್ತಿದ್ದರು.

ಆದರೆ ಅಡ್ಮಿನ್ನನ ಬಾಳಿನ ನಿಜವಾದ ಸ್ವಾರಸ್ಯವಿರುವುದು ವಿಳಂಬದಲ್ಲಿ. ಲೈವ್ ಎಂಬುದು ಆ ಕ್ಷಣದ ಚಿತ್ರವೆಂದು ಸಾಮಾನ್ಯರ ನಂಬಿಕೆ. ಯೂಟ್ಯೂಬಿನಲ್ಲಿ ವಿಳಂಬಕ್ಕೆ ಮೂರು ತರಗತಿಗಳಿವೆ: ಅತ್ಯಲ್ಪವನ್ನು ಆರಿಸಿದರೆ ಹೆಚ್ಚಿನವರಿಗೆ 5 ಸೆಕೆಂಡಿನೊಳಗೆ, ಅಲ್ಪವನ್ನು ಆರಿಸಿದರೆ 10 ಸೆಕೆಂಡಿನೊಳಗೆ ಚಿತ್ರ ಮುಟ್ಟುತ್ತದೆ, ಸಾಮಾನ್ಯವೆಂಬುದು ಅದಕ್ಕಿಂತಲೂ ಸಾವಕಾಶವಾಗಿ ಬರುತ್ತದೆ, ಆದರೆ ನಡುದಾರಿಯಲ್ಲಿ ನಿಂತು ಚಕ್ರ ತಿರುಗಿಸುವುದು ಕಡಿಮೆ. ನಮ್ಮ ಹಳ್ಳಿಗಾಡಿನ ನೆಟ್‌ವರ್ಕಿಗೆ ಸಾಮಾನ್ಯವೇ ಗತಿ. ಈಗ ಓಟದ ಲೆಕ್ಕವನ್ನು ನೋಡಿರಿ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಓಟಗಾರ ಶ್ರೀನಿವಾಸ ಗೌಡರು ಕೋಣಗಳೊಡನೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಗಣಿತಪ್ರಿಯರು ಅದನ್ನು 100 ಮೀಟರಿಗೆ ಇಳಿಸಿ 9.55 ಎಂದು ತೆಗೆದು, ಉಸೇನ್ ಬೋಲ್ಟನ 9.58ರ ಪಕ್ಕದಲ್ಲಿಟ್ಟು, ದೇಶವೆಲ್ಲ ಕೆಲವು ದಿನ ಕೆಸರುಗದ್ದೆಯ ಕಡೆಗೆ ತಿರುಗಿ ನೋಡುವಂತೆ ಮಾಡಿದರು. ಕೋಣಗಳು ಎಳೆದುಕೊಂಡು ಹೋಗುವ ಓಟಕ್ಕೂ ಒಬ್ಬಂಟಿಯ ಓಟಕ್ಕೂ ಹೋಲಿಕೆ ಸಲ್ಲುವುದೇ ಎಂಬ ಚರ್ಚೆಯನ್ನು ನಾನು ಬಲ್ಲವರಿಗೆ ಬಿಡುತ್ತೇನೆ. ನನಗೆ ಮುಖ್ಯವಾದುದು ಇಷ್ಟೆ: ಇಡೀ ಓಟದ ಆಯುಷ್ಯ ನಮ್ಮ ವಿಳಂಬಕ್ಕಿಂತ ಕಡಿಮೆ. ದುಬೈಯಲ್ಲಿ ಕುಳಿತವನ ಪರದೆಯ ಮೇಲೆ ಕೋಣಗಳು ಓಟ ಹೊರಡುವ ಗಂತಿನಲ್ಲಿ ಇನ್ನೂ ಮುಖ ತಿರುಗಿಸುತ್ತಿರುವಾಗ, ನನ್ನ ಬೆನ್ನ ಹಿಂದೆ ಅವು ಓಟ ಮುಗಿಯುವ ಮಂಜೊಟ್ಟಿಯನ್ನು ಏರಿ, ಲೇಸರಿನ ಎಣಿಕೆ ಮುಗಿದು, ಗೆದ್ದವರ ಹೆಸರನ್ನು ಧ್ವನಿವರ್ಧಕ ಸಾರಿಯಾಗಿರುತ್ತದೆ.

ಹೀಗೆ ನನ್ನ ಕಿವಿ ವರ್ತಮಾನದಲ್ಲಿಯೂ ಕಣ್ಣು ಭೂತಕಾಲದಲ್ಲಿಯೂ ವಾಸಿಸುತ್ತವೆ. ತ್ರಿಕಾಲಜ್ಞಾನವನ್ನು ಪಡೆಯಲು ಋಷಿಗಳು ಸಾವಿರ ವರ್ಷ ತಪಸ್ಸು ಮಾಡಿದರಂತೆ. ಕಾಲು ನಿಮಿಷದ ಮಟ್ಟಿಗಾದರೂ ಅದು ನನಗೆ ಸೋದರಳಿಯನ ದಯೆಯಿಂದ ಲಭಿಸಿತು. ಲಭಿಸಿದ ಮೇಲೆ ಅದರಿಂದ ಸುಖವಿಲ್ಲವೆಂಬುದೂ ತಿಳಿಯಿತು. ಮುಂಬಯಿಯ ಹೋಟೆಲೊಂದರ ಗಲ್ಲಾದಲ್ಲಿ ಕುಳಿತ ಅಭಿಮಾನಿಯೊಬ್ಬರು ಪ್ರತಿ ಕಂಬಳಕ್ಕೂ ತಪ್ಪದೆ ಬರುವರು. ತಮ್ಮ ಊರಿನ ಕೋಣಗಳು ಕರೆಗಿಳಿದವೆಂದರೆ ಅವರು ಚಾಟಿನಲ್ಲಿ “ಈ ಸಲ ನಮ್ಮದೇ” ಎಂದು ಬರೆಯುತ್ತಾರೆ. ಅದೇ ವೇಳೆಗೆ ನನ್ನ ಕಿವಿಗೆ, ಆ ಕೋಣಗಳು ಒಂದು ಮೂತಿಯಷ್ಟು ಅಂತರದಲ್ಲಿ ಸೋತ ಸುದ್ದಿ ಬಿದ್ದಿರುತ್ತದೆ. ಹೇಳಿದರೆ ಅವರ ಸಂಭ್ರಮವನ್ನು ಕೊಂದಂತೆ, ಹೇಳದಿದ್ದರೆ ವಂಚಿಸಿದಂತೆ. ಕುರುಕ್ಷೇತ್ರದ ವಾರ್ತೆಯನ್ನು ಅರಸನಿಗೆ ಹೇಳುತ್ತ ಕುಳಿತ ಸಂಜಯನಿಗೂ ಈ ಸಂಕಟ ಇತ್ತೆಂದು ಕಾಣೆ. ಅವನಿಗೆ ಎದುರಿಗಿದ್ದವನು ಒಬ್ಬನೇ ಶ್ರೋತೃ, ಮತ್ತು ಆ ಶ್ರೋತೃವಿಗೆ ಟೈಪು ಮಾಡಲು ಬರುತ್ತಿರಲಿಲ್ಲ.

ಚಾಟಿನ ವಿಚಾರ ಬಂದಿತು, ಅಲ್ಲಿಯೇ ನಿಲ್ಲೋಣ. ಕರೆಯ ಮೇಲೆ ಕೋಣಗಳು ಓಡುವುದು ಜೋಡಿಜೋಡಿಯಾಗಿ, ಶಿಸ್ತಿನಿಂದ. ಚಾಟಿನಲ್ಲಿ ಅವುಗಳ ಅಭಿಮಾನಿಗಳು ಓಡುವುದಕ್ಕೆ ಯಾವ ಶಿಸ್ತೂ ಇಲ್ಲ. ಕನೆಹಲಗೆ ವಿಭಾಗದಲ್ಲಿ ಹಲಗೆಯ ಮೇಲೆ ನಿಂತ ಓಟಗಾರ ಚಿಮ್ಮಿಸಿದ ನೀರು ಆರೂವರೆ ಕೋಲು ಎತ್ತರದ ನಿಶಾನೆಯನ್ನು ಮುಟ್ಟಿತೋ ಇಲ್ಲವೋ ಎಂಬ ವಾದ ಎದ್ದರೆ, ಗದ್ದೆಯ ತೀರ್ಪುಗಾರರು ನಿಮಿಷದೊಳಗೆ ಮುಗಿಸಿದ ವಿಷಯವನ್ನು ಕುವೈತ್, ಪುಣೆ, ಬೆಂಗಳೂರುಗಳ ತೀರ್ಪುಗಾರರು ಬೆಳಗಿನ ಜಾವದವರೆಗೂ ಎಳೆಯುವರು. ಅವರ ನಡುವೆ “ಕೆಮರಾ ಸ್ವಲ್ಪ ಎಡಕ್ಕೆ”, “ಊಟ ಆಯ್ತಾ”, “ನನ್ನ ಅಣ್ಣ ಅಲ್ಲಿ ನೀಲಿ ಅಂಗಿ ಹಾಕಿ ನಿಂತಿದ್ದಾನೆ, ಅವನನ್ನು ತೋರಿಸಿ” ಎಂಬ ವಿನಂತಿಗಳು. ಇವರನ್ನೆಲ್ಲ ಆಳಲು ಅಡ್ಮಿನ್ನಿಗೆ ಆಯುಧಗಳಿಲ್ಲದೆ ಇಲ್ಲ. ಸ್ಲೋ ಮೋಡನ್ನು ಹಾಕಿದರೆ ಒಬ್ಬನು ಒಂದು ಮಾತು ಆಡಿ ಇಂತಿಷ್ಟು ಕಾಲ ಬಾಯಿ ಮುಚ್ಚಿರಬೇಕಾಗುತ್ತದೆ. ಮನೆಯಲ್ಲಿಯೂ ಇಂಥದೊಂದು ಗುಂಡಿ ಇರಬೇಕಿತ್ತೆಂದು ನನ್ನ ಹೆಂಡತಿ ನನ್ನನ್ನು ಉದ್ದೇಶಿಸಿ ಅಂದದ್ದುಂಟು. ಅದಕ್ಕೂ ಬಗ್ಗದವರಿಗೆ ಹೈಡ್ ಎಂಬ ಬ್ರಹ್ಮಾಸ್ತ್ರವಿದೆ. ಇದರ ಸೊಗಸೇನೆಂದರೆ, ಪೆಟ್ಟು ತಿಂದವನಿಗೆ ಪೆಟ್ಟು ಬಿದ್ದುದೇ ತಿಳಿಯದು. ಅವನು ಬರೆಯುತ್ತಲೇ ಇರುತ್ತಾನೆ, ಬರೆದುದು ಯಾರಿಗೂ ಕಾಣಿಸದು. ಎದುರಾಳಿಗಳು ನಿರುತ್ತರರಾದರೆಂದು ಬಗೆದು ಅವನು ವಿಜಯೋತ್ಸಾಹದಿಂದ ನಿದ್ರಿಸುತ್ತಾನೆ. ಇಷ್ಟು ನಿರಪಾಯವಾದ ದಂಡನೆಯನ್ನು ಯಾವ ಧರ್ಮಶಾಸ್ತ್ರವೂ ವಿಧಿಸಿದಂತಿಲ್ಲ.

ಹಾಡಿನ ಉಪದ್ರವವನ್ನು ಬೇಗನೆ ಹೇಳಿ ಮುಗಿಸುತ್ತೇನೆ. ಓಟದ ಬಿಡುವಿನಲ್ಲಿ ಧ್ವನಿವರ್ಧಕದವನು ಸಿನಿಮಾ ಹಾಡು ಹಾಕುತ್ತಾನೆ. ಅದು ನಮ್ಮ ಮೈಕಿಗೂ ಬೀಳುತ್ತದೆ. ಲೈವಿನಲ್ಲಿ ಪರರ ಹಾಡು ಕೇಳಿಸುತ್ತಿದೆಯೇ ಎಂದು ಯೂಟ್ಯೂಬಿನಲ್ಲಿ ಯಂತ್ರವೊಂದು ಸದಾ ಕಿವಿಗೊಟ್ಟಿರುತ್ತದೆ. ಗುರುತು ಹಿಡಿದು ಮೊದಲು ಎಚ್ಚರಿಸುತ್ತದೆ, ನಿಲ್ಲಿಸದಿದ್ದರೆ ಪ್ರಸಾರಕ್ಕೇ ಸಂಚಕಾರ. ಇದನ್ನೆಲ್ಲ ನಾನು ಕಾನೂನುಸಮೇತ ವಿವರಿಸಿದುದಕ್ಕೆ ಧ್ವನಿವರ್ಧಕದವನು, “ಮಾಸ್ಟ್ರೇ, ಕೋಣಗಳಿಗೆ ಕೂಡ ಈ ಹಾಡು ಖುಷಿ. ನಿಮ್ಮ ಯಂತ್ರಕ್ಕೆ ಆಗದಿದ್ದರೆ ಅದರ ಕಿವಿಗೆ ಹತ್ತಿ ಇಡಿ ಮಾರಾಯ್ರೆ,” ಎಂದನು. ಅಂದಿನಿಂದ ಹಾಡು ಆರಂಭವಾದ ಕೂಡಲೆ ನಾನೇ ಮೈಕನ್ನು ಮುಚ್ಚುತ್ತೇನೆ. ಆಗ ಕೋಣಗಳು ಮೌನವಾಗಿ ನೀರು ಕುಡಿಯುವ ಗಂಭೀರ ದೃಶ್ಯವನ್ನು ಲೋಕ ನೋಡುತ್ತದೆ.

ವೀಕ್ಷಕರ ಸಂಖ್ಯೆ ನಾಲ್ಕಂಕಿಯನ್ನು ಮುಟ್ಟಿದ ರಾತ್ರಿ ನನಗೆ ಎದೆ ಬಡಿದುಕೊಂಡಿತು. ಇದನ್ನು ಕೇಳಿ ಸೋದರಳಿಯ ನಕ್ಕು, ದೊಡ್ಡವರ ಕಥೆಯನ್ನು ಹೇಳಿದನು. 2019ರ ವಿಶ್ವಕಪ್ಪಿನ ಸೆಮಿಫೈನಲಿನಲ್ಲಿ ಭಾರತವೂ ನ್ಯೂಜಿಲೆಂಡೂ ಮ್ಯಾಂಚೆಸ್ಟರಿನಲ್ಲಿ ಆಡುತ್ತಿದ್ದಾಗ ಹಾಟ್‌ಸ್ಟಾರಿನಲ್ಲಿ ಏಕಕಾಲಕ್ಕೆ 2.53 ಕೋಟಿ ಮಂದಿ ನೋಡುತ್ತಿದ್ದರಂತೆ. 2023ರ ಫೈನಲಿಗೆ ಆ ಸಂಖ್ಯೆ 5.9 ಕೋಟಿಗೆ ಏರಿತಂತೆ. ಅಷ್ಟು ಜನ ಒಮ್ಮೆಗೇ ನುಗ್ಗಿದರೆ ಅಲ್ಲಿನ ಎಂಜಿನಿಯರರಿಗೆ ಭಯವಾಗದೇ ಎಂದು ಕೇಳಿದೆನು. ಬರುವವರ ಭಯಕ್ಕಿಂತ ಹೋಗುವವರ ಭಯ ಹೆಚ್ಚೆಂದು ಅವನ ಉತ್ತರ. ಗಪ್ಟಿಲನ ಎಸೆತಕ್ಕೆ ಧೋನಿ ರನೌಟ್ ಆದಾಗ ಕೋಟಿಗಟ್ಟಲೆ ಜನ ಒಟ್ಟಿಗೆ ಪಂದ್ಯವನ್ನು ಬಿಟ್ಟು ಹಿಂದಿನ ಪುಟಕ್ಕೆ ಮರಳಿದರು. ಪಂದ್ಯದ ಮೇಲಿದ್ದ ಭಾರವೆಲ್ಲ ಮುಖಪುಟದ ಮೇಲೆ ಬಿತ್ತು. ಅದನ್ನೂ ಅವರು ಮುನ್ನವೇ ಊಹಿಸಿ ಸಿದ್ಧರಾಗಿದ್ದರಂತೆ. ಒಂದು ದೇಶದ ಎದೆಯೊಡೆದ ಗಳಿಗೆಯು ಡ್ಯಾಶ್‌ಬೋರ್ಡಿನ ಮೇಲೆ ನೇರ ಕೆಳಕ್ಕಿಳಿದ ಒಂದು ಗೆರೆಯಾಗಿ ಕಂಡಿರಬೇಕು. ನಮ್ಮ ಗೆರೆ ಇಳಿಯುವುದು ರಾತ್ರಿ ಊಟದ ಹೊತ್ತಿಗೆ. ಗಂಜಿ ಉಂಡು ಮತ್ತೆ ಏರುತ್ತದೆ.

ಕೊನೆಗೆ ಹೇಳಬೇಕಾದುದು ಯೂಟ್ಯೂಬಿನ ಹನ್ನೆರಡು ಗಂಟೆಯ ಕಟ್ಟಳೆ. ಲೈವ್ ಮುಗಿದ ಮೇಲೆ ಅದರ ವಿಡಿಯೊ ಚಾನೆಲಿನಲ್ಲಿ ತಾನಾಗಿ ಉಳಿಯಬೇಕಾದರೆ ಪ್ರಸಾರವು 12 ಗಂಟೆಯೊಳಗೆ ಇರಬೇಕು. ಈ ಸೂತ್ರವನ್ನು ರಚಿಸಿದವರು ಕಂಬಳವನ್ನು ಕಂಡಿರಲಿಕ್ಕಿಲ್ಲ. ಕಂಬಳವನ್ನು 24 ಗಂಟೆಯೊಳಗೆ ಮುಗಿಸಬೇಕೆಂದು ಹಿರಿಯರು ಪ್ರತಿ ವರ್ಷವೂ ಸಂಕಲ್ಪ ಮಾಡುತ್ತಾರೆ. ಗಂತಿನಲ್ಲಿ ಕೋಣಗಳು ಸಾಲಿಗೆ ನಿಲ್ಲಲು ತೆಗೆದುಕೊಳ್ಳುವ ಕಾಲವು ಪ್ರತಿ ವರ್ಷವೂ ಆ ಸಂಕಲ್ಪವನ್ನು ಮುರಿಯುತ್ತದೆ. ಆದುದರಿಂದ ಅಡ್ಮಿನ್ನನು ಕಂಬಳವನ್ನು ಭಾಗ ಒಂದು, ಭಾಗ ಎರಡು, ಭಾಗ ಮೂರು ಎಂದು ಕಡಿಯಬೇಕು. ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆಯುವುದರೊಳಗೆ ಎರಡು ಮೂರು ನಿಮಿಷ ಹೋಗುತ್ತದೆ. ಆ ನಿಮಿಷಗಳಲ್ಲಿ ಯಾರೂ ಓಡಬಾರದೆಂದು ಸೋದರಳಿಯನು ಸಂಘಟಕರಿಗೆ ಕೈಮುಗಿದು ಹೇಳಿ ಬರುತ್ತಾನೆ. ಆದರೆ ಅರ್ಧ ಗಂಟೆ ಸತಾಯಿಸಿದ ಕೋಣಗಳಿಗೆ ಹೊರಡುವ ಮನಸ್ಸು ಬಂದಾಗ ಅವುಗಳನ್ನು ತಡೆಯುವವರು ಯಾರು?

ಹಾಗೆ ಓಡಿದ ಜೋಡಿಯೊಂದರ ಯಜಮಾನರು ಬೆಳಗಿನ ಜಾವ ನಮ್ಮ ಚಪ್ಪರಕ್ಕೆ ಬಂದರು. ಕೈಯಲ್ಲಿ ಬಹುಮಾನವಿತ್ತು, ಮುಖದಲ್ಲಿ ಗೆಲುವಿರಲಿಲ್ಲ. “ಮಾಸ್ಟ್ರೇ, ಬೊಂಬಾಯಿಯಿಂದ ತಮ್ಮ ಫೋನು ಮಾಡಿದ. ಒಂದನೇ ಭಾಗದಲ್ಲಿಯೂ ನಮ್ಮ ಓಟ ಇಲ್ಲವಂತೆ, ಎರಡನೆಯದರಲ್ಲಿಯೂ ಇಲ್ಲವಂತೆ. ಮತ್ತೆ ನಾವು ಓಡಿದ್ದು ಎಲ್ಲಿ?” ಎಂದು ಕೇಳಿದರು. ತೀರ್ಪುಗಾರರ ಪಟ್ಟಿಯಲ್ಲಿದೆ, ಲೇಸರಿನ ಲೆಕ್ಕದಲ್ಲಿದೆ, ಸ್ವತಃ ತಮ್ಮ ಕೈಯಲ್ಲಿ ಬಹುಮಾನವಿದೆ ಎಂದು ನಾನು ಸಮಾಧಾನ ಹೇಳಿದೆನು. “ಅದೆಲ್ಲ ಸರಿ ಮಾರಾಯ್ರೆ, ಆದರೆ ಲೈವಿನಲ್ಲಿ ಬರಲಿಲ್ಲವಲ್ಲ,” ಎಂದು ಅವರು ಬೆಂಚಿನ ಮೇಲೆ ಕುಳಿತುಬಿಟ್ಟರು. ಸೋದರಳಿಯನು ಅವರಿಗೆ ಚಹಾ ತರಿಸಿದನು. ಚಹಾ ಕುಡಿದು ಮುಗಿಸುವಷ್ಟರಲ್ಲಿ ಅವರಿಗೆ ಉಪಾಯವೊಂದು ಹೊಳೆಯಿತು: ಕರೆ ಹೇಗೂ ಖಾಲಿಯಾಗುತ್ತದೆ, ಮೂರನೆಯ ಭಾಗ ನಡೆದಿದೆ, ಎಲ್ಲರೂ ಹೋದ ಮೇಲೆ ಒಮ್ಮೆ ಸುಮ್ಮನೆ ಓಡಿಸಿದರೆ ಆಗದೇ? ಓಟಗಾರನು ಒಪ್ಪಿದನು. ಸೋದರಳಿಯನೂ ಒಪ್ಪಿದನು. ನಾನು ದೀಪ ಎಕ್ಸಲೆಂಟ್ ಇರುವುದನ್ನು ಖಚಿತಪಡಿಸಿಕೊಂಡು ಸಿದ್ಧನಾದೆನು. ಕೋಣಗಳು ಮಾತ್ರ ಆಗಲೇ ಲಾರಿ ಹತ್ತಿ ಬೈಹುಲ್ಲು ತಿನ್ನುತ್ತಿದ್ದವು. ಯಾರು ಏನು ಮಾಡಿದರೂ ಇಳಿಯಲಿಲ್ಲ.