ಹೊರಕೆರೆದೇವಪುರ ಸೀಮೆಯ ಪಾತರಗಿತ್ತಿ ವೀಕ್ಷಕರು: ಒಂದು ವರ್ಗೀಕರಣಾತ್ಮಕ ಅನುಸಂಧಾನ

ಪೀಠಿಕೆ

ಪ್ರಸ್ತುತ ಪ್ರಬಂಧವು ಚಿತ್ರದುರ್ಗ ಜಿಲ್ಲೆ, ಹೊಳಲ್ಕೆರೆ ತಾಲ್ಲೂಕು, ಹೊರಕೆರೆದೇವಪುರ (ಬಸ್ಸಿನ ಬೋರ್ಡಿನ ಮೇಲೆ ಎಚ್.ಡಿ. ಪುರ) ಎಂಬ ಊರಿನ ಕೆರೆ ಏರಿ, ಅಡಿಕೆ ತೋಟ, ಮೆಕ್ಕೆಜೋಳದ ಹೊಲ ಹಾಗೂ ಬೇಲಿ ಸಾಲುಗಳಲ್ಲಿ ಭಾನುವಾರಗಳಂದು ಕಾಣಸಿಗುವ ಪಾತರಗಿತ್ತಿ ವೀಕ್ಷಕ ಸಮುದಾಯದ ರೂಪವಿನ್ಯಾಸ, ವರ್ತನಾ ಸಂಕಥನ ಮತ್ತು ಆಹಾರ ಪದ್ಧತಿಗಳನ್ನು ಬಹುಶಿಸ್ತೀಯ ನೆಲೆಗಟ್ಟಿನಲ್ಲಿ ಮುಖಾಮುಖಿಯಾಗಿಸುವ ವಿನಮ್ರ ಯತ್ನವಾಗಿರುತ್ತದೆ. ಪಾತರಗಿತ್ತಿಗಳ ಬಗ್ಗೆ ಬೇಕಾದಷ್ಟು ಅಧ್ಯಯನವಾಗಿದೆ. ಚಿಟ್ಟೆ, ಪತಂಗ ಎರಡೂ ಸೇರಿ ಜಗತ್ತಿನಲ್ಲಿ ಸುಮಾರು 1 ಲಕ್ಷ 60 ಸಾವಿರ ಪ್ರಭೇದಗಳಿಗೆ ನಾಮಕರಣ ಮುಗಿದಿದೆ. ಅವನ್ನು ನೋಡಲು ಬರುವವರನ್ನು ಮಾತ್ರ ಯಾರೂ ಶಾಸ್ತ್ರೋಕ್ತವಾಗಿ ನೋಡಿಲ್ಲ. ವಿದ್ವತ್ ಲೋಕದ ಈ ನಿರ್ವಾತವನ್ನು ತುಂಬುವ ಐತಿಹಾಸಿಕ ಹೊಣೆ ಹೊರಕೆರೆದೇವಪುರದ ಹೆಗಲೇರಿದೆ.

ವ್ಯಾಪ್ತಿ ಮತ್ತು ಮಿತಿ

ಕರ್ನಾಟಕಕ್ಕೆ ಒಂದು ರಾಜ್ಯ ಚಿಟ್ಟೆ ಇದೆ. ಸಹ್ಯಾದ್ರಿ ಬರ್ಡ್‌ವಿಂಗ್ ಅದರ ಹೆಸರು. ರೆಕ್ಕೆ ಬಿಚ್ಚಿದರೆ ಅಂಗೈ ಸಾಲದಷ್ಟು ಅಗಲ, ಮೈಮೇಲೆ ಕನ್ನಡ ಬಾವುಟದ ಹಳದಿ, ಕೆಂಪು. ಅದು ಮಲೆನಾಡಿನ ಕುಳ. ನಮ್ಮ ಬೇಲಿಗೆ ಬರುವಂಥದ್ದಲ್ಲ. ಆದಕಾರಣ ಬಯಲುಸೀಮೆಗೆ ಬರುವ ವೀಕ್ಷಕನು ಮೊದಲಿಂದಲೇ ಒಂದು ಬಗೆಯ ಕೊರತೆಯ ಪ್ರಜ್ಞೆಯಿಂದ ನರಳುತ್ತಿರುತ್ತಾನೆ. ಅವನ ವರ್ತನೆಯನ್ನು ಈ ಹಿನ್ನೆಲೆಯಲ್ಲಿ ಸಹಾನುಭೂತಿಯಿಂದ ಪರಿಭಾವಿಸತಕ್ಕದ್ದು.

ಪೂರ್ವಸೂರಿಗಳು

1758ರಲ್ಲಿ ಲಿನಿಯಸ್ ಎಂಬ ಸ್ವೀಡನ್ನಿನ ಪಂಡಿತ ಚಿಟ್ಟೆಗಳಿಗೆ ಟ್ರಾಯ್ ಯುದ್ಧದ ವೀರರ ಹೆಸರುಗಳನ್ನು ಹಂಚಿದ. ನಮ್ಮ ಈಶ್ವರಿ ಬಳ್ಳಿಯ ಎಲೆ ತಿಂದು ಬೆಳೆಯುವ, ಕೆಂಪು ಮೈಯ ಕಪ್ಪು ಚಿಟ್ಟೆಗೆ ಹೆಕ್ಟರ್ ಎಂಬ ಹೆಸರು ಬಿದ್ದದ್ದು ಹಾಗೆ. ಆಮೇಲೆ ಬಂದ ಇಂಗ್ಲಿಷರು ಮಿಕ್ಕವಕ್ಕೆ ಸೇಲರ್, ಸಾರ್ಜೆಂಟ್, ಕಮಾಂಡರ್, ಬ್ಯಾರನೆಟ್, ನವಾಬ ಎಂದು ಹುದ್ದೆ ಕೊಟ್ಟರು. ಇಡೀ ದಂಡಿನಲ್ಲಿ ಒಬ್ಬ ಕುರಿಗಾಹಿ ಇಲ್ಲ, ಒಬ್ಬ ಕಳೆ ಕೀಳುವವಳಿಲ್ಲ. ಹ್ಯಾಂಪ್ಸನ್ ಎಂಬಾತ 1892ರಿಂದ 1896ರೊಳಗೆ ಈ ದೇಶದ ಪತಂಗಗಳನ್ನು ನಾಲ್ಕು ಸಂಪುಟಗಳಲ್ಲಿ ಕಟ್ಟಿಹಾಕಿದ.

ಈ ಪರಂಪರೆಯಲ್ಲಿ ಅಪವಾದವೊಂದುಂಟು. ಕಾರವಾರ ಸೀಮೆಯಲ್ಲಿ ಅರಣ್ಯಾಧಿಕಾರಿಯಾಗಿದ್ದ ಟಿ.ಆರ್. ಬೆಲ್ ಕಂಬಳಿ ಹುಳುಗಳನ್ನು ಸಾಕಿ, ಯಾವ ಹುಳು ಯಾವ ಗಿಡದ ಎಲೆ ತಿನ್ನುತ್ತದೆ ಎಂದು ಬರೆದಿಟ್ಟ. 2000ದಲ್ಲಿ ಬಂದ ಕೃಷ್ಣಮೇಘ ಕುಂಟೆಯವರ ಪುಸ್ತಕದಲ್ಲೂ ಒಂದೊಂದು ಚಿಟ್ಟೆಯ ಮುಂದೆ ಅದರ ಊಟದ ಗಿಡ ಇದೆ. ಪ್ರಸ್ತುತ ಅಧ್ಯಯನಕ್ಕೆ ಸಿಕ್ಕ ವೀಕ್ಷಕರು ಆ ಸಾಲನ್ನು ದಾಟಿ ಚಿತ್ರವಿರುವ ಪುಟಕ್ಕೆ ನೆಗೆಯುತ್ತಾರೆ. ಈ ನೆಗೆತಕ್ಕೆ ನಾವು ‘ಸಸ್ಯಲಂಘನ’ ಎಂಬ ಪಾರಿಭಾಷಿಕವನ್ನು ಪ್ರಸ್ತಾಪಿಸುತ್ತೇವೆ.

ಗುರುತಿಸುವ ಕೀಲಿ

1ಅ. ವಾಹನದ ಫಲಕದಲ್ಲಿ ಕೆಎ 16 ಇಲ್ಲ. ತಲೆಗೆ ಟೋಪಿ ಇದೆ: 2 ನೋಡಿ.
1ಆ. ಕೆಎ 16 ಇದೆ, ಅಥವಾ ವಾಹನವೇ ಇಲ್ಲ. ಹೆಗಲಿಗೆ ಟವೆಲ್ ಇದೆ: ಅಧ್ಯಯನದ ವ್ಯಾಪ್ತಿಗೆ ಒಳಪಡುವುದಿಲ್ಲ.
2ಅ. ಲೆನ್ಸು ಮೊಣಕೈಗಿಂತ ಉದ್ದ: ದೀರ್ಘನಳಿಕಾಧರ.
2ಆ. ಲೆನ್ಸು ಗಿಡ್ಡ, ಮಾತು ಉದ್ದ: 3 ನೋಡಿ.
3ಅ. ಎಣಿಸುತ್ತಾನೆ: ಪಟ್ಟಿಪರಾಯಣ.
3ಆ. ತಿದ್ದುತ್ತಾನೆ: ಶುದ್ಧೀಕರಣಾಚಾರ್ಯ.

ಪ್ರಥಮ ವರ್ಗ: ದೀರ್ಘನಳಿಕಾಧರ

ಬಿಸಿಲೇರುವ ಹೊತ್ತಿನಲ್ಲಿ ಚುರುಕು. ಮಧ್ಯಾಹ್ನ ಕಾರಿನ ಎ.ಸಿ.ಯೊಳಗೆ ಸುಪ್ತಾವಸ್ಥೆ. ಇಡ್ಲಿ, ವಡೆ ಮುಖ್ಯ ಆಹಾರ. ಹಸಿ ಮಣ್ಣು ಕಂಡಲ್ಲಿ ಎದೆಯೂರಿ ಮಲಗುವುದು ಈ ವರ್ಗದ ನಿರ್ಣಾಯಕ ಲಕ್ಷಣ. ದನ ಗಂಜಲ ಹೊಯ್ದ ಹಸಿ ನೆಲದ ಮೇಲೆ ಚಿಟ್ಟೆಗಳು ಗುಂಪುಗಟ್ಟಿ ಕೂರುತ್ತವೆ. ಕೂತವು ಬಹುಪಾಲು ಗಂಡು. ಹೂವಿನ ರಸದಲ್ಲಿ ಸಿಗದ ಉಪ್ಪಿನಂಶವನ್ನು ಅಲ್ಲಿ ಹೀರುತ್ತವೆ. ದೀರ್ಘನಳಿಕಾಧರನೂ ಅದೇ ಜಾಗದಲ್ಲಿ ಸಾಷ್ಟಾಂಗ ಬಿದ್ದು ಚಿತ್ರ ತೆಗೆದು, ಕೆಳಗೆ ‘ಪ್ರಕೃತಿಯ ಮಡಿಲಲ್ಲಿ’ ಎಂದು ಬರೆಯುತ್ತಾನೆ. ಗಂಜಲದ ಪ್ರಸ್ತಾಪ ಇರುವುದಿಲ್ಲ.

ದ್ವಿತೀಯ ವರ್ಗ: ಪಟ್ಟಿಪರಾಯಣ

“ಸೇಲರ್ ಆಯ್ತು, ಕಮಾಂಡರ್ ಆಯ್ತು, ಬ್ಯಾರನೆಟ್ ಒಂದು ಆಗಿಬಿಟ್ಟರೆ ಹೊರಡೋಣ” ಎಂಬುದು ಇದರ ಕೂಗು. ಗುಡ್ಡದಂಚಿನ ತೂಪ್ರದ ಮರದ ಸುತ್ತ, ಅಂದರೆ ಬೀಡಿ ಎಲೆಯ ಮರದ ಸುತ್ತ, ತಾಳ್ಮೆಯಿಂದ ನಿಂತರೆ ಬ್ಯಾರನೆಟ್ ಬಂದೀತು. ಅದರ ಹುಳುವಿಗೆ ಬೇಕಾದದ್ದು ಆ ಎಲೆ. ಪಟ್ಟಿಪರಾಯಣನಿಗೆ ತೂಪ್ರದ ಮರ ಗೊತ್ತಿರುವುದಿಲ್ಲ. ಅವನು ಫೋನಿಗೆ ಸಿಗ್ನಲ್ ಹುಡುಕುತ್ತ ಗುಡ್ಡ ಹತ್ತುತ್ತಾನೆ, ಗಾಳಿಯಂತ್ರದ ಬುಡದಲ್ಲಿ ನಿಂತು ಸೆಲ್ಫಿ ತೆಗೆದುಕೊಂಡು ಇಳಿಯುತ್ತಾನೆ.

ತೃತೀಯ ವರ್ಗ: ಶುದ್ಧೀಕರಣಾಚಾರ್ಯ

ಅತ್ಯಂತ ಅಪಾಯಕಾರಿ. “ಚಿಟ್ಟೆ ನೋಡಿ ಸಾರ್” ಎಂದು ಹೈಸ್ಕೂಲು ಹುಡುಗ ತೋರಿಸಿದರೆ, “ಅದು ಚಿಟ್ಟೆಯಲ್ಲ, ಪತಂಗ” ಎಂದು ಅವನ ಬಾಯಿ ಮುಚ್ಚಿಸುತ್ತಾನೆ. ಲಕ್ಷಣ ಹೇಳುತ್ತಾನೆ: ಚಿಟ್ಟೆಯ ಮೀಸೆಯ ತುದಿಯಲ್ಲಿ ಗುಂಡಿ, ಪತಂಗದ ಮೀಸೆ ಎಳೆಯಂತೆ ಇಲ್ಲವೇ ಗರಿಯಂತೆ, ಚಿಟ್ಟೆ ಕೂತಾಗ ರೆಕ್ಕೆ ಮೇಲಕ್ಕೆ ಮಡಿಚುತ್ತದೆ, ಪತಂಗ ಹರಡುತ್ತದೆ. ಹುಡುಗ ಮರುದಿನ ರೆಕ್ಕೆ ಹರಡಿ ಬಿಸಿಲು ಕಾಯುವ ಚಿಟ್ಟೆಯನ್ನೂ, ಹಾಡುಹಗಲೇ ಹೂವಿಂದ ಹೂವಿಗೆ ಹಾರುವ ಪತಂಗವನ್ನೂ ತೋರಿಸಿದರೆ ಆಚಾರ್ಯರಿಗೆ ಊರಿಗೆ ಹೊರಡುವ ಹೊತ್ತಾಗಿರುತ್ತದೆ.

ಆಚಾರ್ಯರ ಪರಮಾಸ್ತ್ರ ಚುಕ್ಕಿ ಎಣಿಕೆ. ಎಕ್ಕದ ಗಿಡದ ಮೇಲೆ ಬೆಳೆಯುವ ಪ್ಲೇನ್ ಟೈಗರ್ ಎಂಬ ಕಿತ್ತಳೆ ಬಣ್ಣದ ಚಿಟ್ಟೆ ನಮ್ಮೂರಲ್ಲಿ ಎಲ್ಲೆಲ್ಲೂ ಉಂಟು. ಅದರ ಹುಳು ಎಲೆಯನ್ನು ಸುಮ್ಮನೆ ಕಚ್ಚುವುದಿಲ್ಲ. ಮೊದಲು ಎಲೆಯ ನರವನ್ನು ಕಡಿದು, ಅಂಟು ಹಾಲು ಸೋರಿಹೋಗಲು ಬಿಟ್ಟು, ಆಮೇಲೆ ಕಡಿತದಾಚೆಯ ಭಾಗವನ್ನು ಮೇಯುತ್ತದೆ. ಆದರೂ ಎಕ್ಕದ ವಿಷ ಮೈಗೂಡುತ್ತದೆ. ಒಮ್ಮೆ ಕುಕ್ಕಿ ನೋಡಿದ ಹಕ್ಕಿ ಮತ್ತೆ ಆ ಬಣ್ಣದ ತಂಟೆಗೆ ಹೋಗುವುದಿಲ್ಲ. ಈ ಲಾಭ ಕಂಡುಕೊಂಡ ಇನ್ನೊಂದು ಚಿಟ್ಟೆ ಡೇನೈಡ್ ಎಗ್‌ಫ್ಲೈ. ಅದರ ಮೈಯಲ್ಲಿ ವಿಷವಿಲ್ಲ, ಆದರೆ ಹೆಣ್ಣು ಖಾಕಿ ತೊಟ್ಟ ನಕಲಿ ಪೊಲೀಸಿನ ಹಾಗೆ ಪ್ಲೇನ್ ಟೈಗರ್‌ನ ಬಣ್ಣ ತೊಟ್ಟು ತಿರುಗುತ್ತದೆ. ಹಿಂದಿನ ರೆಕ್ಕೆಯ ನಡುವೆ ಮೂರೋ ನಾಲ್ಕೋ ಕಪ್ಪು ಚುಕ್ಕಿ ಇದ್ದರೆ ಅಸಲಿ, ಅಂಚಿನಲ್ಲಿ ಒಂದೇ ಇದ್ದರೆ ನಕಲಿ. ಇದನ್ನು ಆಚಾರ್ಯರು ಕರಾರುವಾಕ್ಕಾಗಿ ಹೇಳುತ್ತಾರೆ. ಅಸಲಿಗೆ ಎಕ್ಕ ಬೇಕು ಸರಿ, ನಕಲಿಯ ಹೊಟ್ಟೆಗೆ ಏನು ಬೇಕು ಎಂದು ಕೇಳಿದರೆ ಅವರ ದೃಷ್ಟಿ ದಿಗಂತದ ಕಡೆ ಹೊರಳುತ್ತದೆ.

ಚತುರ್ಥ ವರ್ಗ: ಶ್ವೇತಪಟಧಾರಿ

ಕೀಲಿಗೆ ದಕ್ಕದ ನಿಶಾಚರ. 2012ರಲ್ಲಿ ಶುರುವಾಗಿ ಈಗ ಹಲವು ದೇಶಗಳಲ್ಲಿ ಜುಲೈ ಕೊನೆಯಲ್ಲಿ ನಡೆಯುವ ಪತಂಗ ಸಪ್ತಾಹದ ಹೊತ್ತಿಗೆ ಇವನ ಸಂಚಾರ ಹೆಚ್ಚು. ಬಿಳಿ ಬಟ್ಟೆ ಕಟ್ಟಿ, ಪ್ರಖರ ದೀಪ ಹಾಕಿ, ಬಂದು ಕೂತ ಪತಂಗಗಳ ಚಿತ್ರ ತೆಗೆಯುತ್ತಾನೆ. ಒಳ್ಳೆಯ ಕೆಲಸವೇ. ಆದರೆ ಚಿತ್ರದುರ್ಗ ಸೀಮೆಯ ಶೇಂಗಾ ಬೆಳೆಗಾರನೂ ಮೊದಲ ಹದಮಳೆ ಬಿದ್ದ ರಾತ್ರಿ ಹೊಲದಲ್ಲಿ ದೀಪವಿಟ್ಟು, ಕೆಳಗೆ ಸೀಮೆಎಣ್ಣೆ ಬೆರೆಸಿದ ನೀರಿನ ಬೋಗುಣಿ ಇಡುತ್ತಾನೆ. ಮಳೆಯ ತೇವ ತಾಕಿದೊಡನೆ ಮಣ್ಣಿನೊಳಗಿನ ಕೋಶ ಒಡೆದು ಕೆಂಪು ಕಂಬಳಿ ಹುಳುವಿನ ಪತಂಗ ಹೊರಡುತ್ತದೆ, ಅದು ಮೊಟ್ಟೆ ಇಡುವ ಮುಂಚೆ ಹಿಡಿಯಬೇಕು ಎಂಬ ಲೆಕ್ಕ ಅವನದು. ಅದೇ ದೀಪ, ಅದೇ ರಾತ್ರಿ. ಒಬ್ಬನದು ಸಂಶೋಧನೆ ಎನಿಸಿಕೊಂಡಿತು, ಇನ್ನೊಬ್ಬನದು ಬರೀ ಬೇಸಾಯ.

ಪಂಚಮ ವರ್ಗ

ಪಂಚಮ ವರ್ಗವನ್ನು ‘ವಿಚಾರಸಂಕಿರಣಜೀವಿ’ ಎಂದು ಕರೆದು, ಅದರ ಉಪವರ್ಗಗಳಾಗಿ ಉದ್ಘಾಟಕ, ಆಶಯಭಾಷಣಕಾರ, ಪ್ರಮಾಣಪತ್ರಕಾಂಕ್ಷಿ ಮುಂತಾಗಿ ವಿಸ್ತರಿಸುವ ಇರಾದೆ ಇತ್ತು. ಬೇಡ, ಬಿಡಿ. ಅವರನ್ನು ನೀವೂ ನೋಡಿದ್ದೀರಿ. 1ಆ ಎಂದು ಬರೆದು ಅಧ್ಯಯನದ ಹೊರಗಿಟ್ಟೆನಲ್ಲ, ಆ ಟವೆಲ್ಲಿನವರ ವಿಷಯ ಹೇಳಬೇಕಾಗಿದೆ.

2018ರಲ್ಲಿ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ ಒಂದು ಹೊಸ ಹುಳು ಪತ್ತೆಯಾಯಿತು. ಅಮೆರಿಕ ಖಂಡದ ಮೂಲದ ಫಾಲ್ ಸೈನಿಕ ಹುಳು. ಭಾರತದಲ್ಲಿ ಕಂಡದ್ದು ಅದೇ ಮೊದಲು. ನೆರೆಯ ನಮ್ಮ ಹೊಲಗಳಿಗೆ ಬರಲು ಅದಕ್ಕೆ ಹೆಚ್ಚು ಕಾಲ ಬೇಕಾಗಲಿಲ್ಲ. ಇವತ್ತು ಇಲ್ಲಿ ಮೆಕ್ಕೆಜೋಳ ಬೆಳೆಯುವ ಯಾವ ಹೆಣ್ಣುಮಗಳಾದರೂ ಸುಳಿ ಬಿಡಿಸಿ, ಮರದ ಹೊಟ್ಟಿನಂಥ ಹಿಕ್ಕೆ ಸರಿಸಿ, ಹುಳುವನ್ನು ಬೆರಳ ಮೇಲೆ ಎತ್ತಿ, ತಲೆಯ ಮೇಲೆ ತಿರುಗುಮುರುಗಾದ ಇಂಗ್ಲಿಷಿನ ವೈ ಗುರುತನ್ನೂ, ಬಾಲದ ಕಡೆ ಚೌಕಾಕಾರದಲ್ಲಿರುವ ನಾಲ್ಕು ಚುಕ್ಕಿಗಳನ್ನೂ ತೋರಿಸುತ್ತಾಳೆ. ಇದಕ್ಕಿಂತ ನಿಖರವಾದ ಪತಂಗ ಪರಿಚಯ ಯಾವ ಕೈಪಿಡಿಯಲ್ಲಿದೆ? ಆಕೆಯ ಹೆಸರು ಯಾವ ಪಟ್ಟಿಯಲ್ಲಿದೆ?

ಕಣ್ಣಾರೆ ಕಂಡದ್ದೊಂದು ಹೇಳುತ್ತೇನೆ. ನಮ್ಮೂರ ತೋಟವೊಂದರ ಬದುವಿನ ಮೇಲೆ ಒಬ್ಬ ಮುದುಕಿ ಸಾರಿಗೆಂದು ಗೋಣಿಸೊಪ್ಪು ಕೊಯ್ಯುತ್ತಿದ್ದಳು. ಎದುರಿಗೆ ಒಬ್ಬ ದೀರ್ಘನಳಿಕಾಧರ ಚಿಟ್ಟೆಯೊಂದಕ್ಕೆ ಲೆನ್ಸು ಹಿಡಿದು ಮಂಡಿಯೂರಿದ್ದ. “ಅಮ್ಮಾ, ಸ್ವಲ್ಪ ಆಚೆ ಹೋಗಿ, ನಿಮ್ಮ ನೆರಳು ಬೀಳ್ತಿದೆ” ಎಂದ. ಆಕೆ ಮಡಿಲಿನ ಸೊಪ್ಪು ಹಿಡಿದುಕೊಂಡು ಎದ್ದಳು. “ಹೋಗ್ತೀನಿ ಬಿಡಪ್ಪ. ಅದೇನು ಎಲ್ಲೂ ಹೋಗಾಕಿಲ್ಲ, ದಿನಾ ಈ ಸೊಪ್ಪಿಗೇ ಬರ್ತೈತೆ. ಎಲೆ ಬುಡದಾಗೆ ಮೊಟ್ಟೆ ಇಕ್ಕೈತೆ ನೋಡು” ಎಂದಳು. ಆತ ನೋಡಲಿಲ್ಲ. ಅವನಿಗೆ ಚುಕ್ಕಿ ಒಂದೇ ಎಂದು ಖಾತ್ರಿಯಾಗಿತ್ತು, ಚಿತ್ರ ಸಿಕ್ಕಿತ್ತು.

ಆಚಾರ್ಯರು ಉತ್ತರಿಸದ ಪ್ರಶ್ನೆಗೆ ಉತ್ತರ ಆ ಮಡಿಲಿನಲ್ಲಿತ್ತು. ಡೇನೈಡ್ ಎಗ್‌ಫ್ಲೈ ಹುಳುವಿನ ಊಟ ಗೋಣಿಸೊಪ್ಪು. ನಾವು ಬೇಳೆ ಹಾಕಿ ಬಸಿಯುವ, ದುಡ್ಡು ಕೊಡದೆ ತರುವ, ನೆಲಕ್ಕಂಟಿ ಬೆಳೆಯುವ ಆ ದಪ್ಪೆಲೆಯ ಸೊಪ್ಪು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಹುಲಿ ಇದ್ದ ಮೊದಲ ಅನುಸೂಚಿಯಲ್ಲೇ ಈ ಚಿಟ್ಟೆಯನ್ನೂ ಸೇರಿಸಿದ್ದರು. ಚಿಟ್ಟೆಗೆ ಹುಲಿಯ ಮರ್ಯಾದೆ; ಅದರ ಅನ್ನಕ್ಕೆ ಕಳೆ ಎಂಬ ಬಿರುದು. ಮುಂದಿನ ಸಲ ಆ ಬದುವಿನ ಮೇಲೆ ಹಸಿರೇ ಇರಲಿಲ್ಲ. ಕಳೆನಾಶಕ ಹೊಡೆದು, ಬದು ಉದ್ದಕ್ಕೂ ಸುಟ್ಟಂತೆ ಕಂದಿತ್ತು.

ರೈತನನ್ನು ಬೈಯುವುದು ಸುಲಭ. ಕಳೆ ಕೀಳುವ ಆಳಿನ ಕೂಲಿಯನ್ನೂ ಡಬ್ಬಿಯ ಬೆಲೆಯನ್ನೂ ತೂಗಿ ನೋಡಿದರೆ ಯಾರಾದರೂ ಡಬ್ಬಿಯನ್ನೇ ಹಿಡಿದಾರು. 2022ರಲ್ಲಿ ಕೇಂದ್ರ ಸರ್ಕಾರ, ಗ್ಲೈಫೋಸೇಟ್ ಎಂಬ ಕಳೆನಾಶಕವನ್ನು ಪರವಾನಗಿ ಪಡೆದ ಕೀಟ ನಿಯಂತ್ರಣ ಸಿಬ್ಬಂದಿ ಮಾತ್ರ ಸಿಂಪಡಿಸಬೇಕೆಂದು ಆದೇಶ ಹೊರಡಿಸಿತು. ಬೆನ್ನಿಗೆ ಕ್ಯಾನು ಕಟ್ಟಿ, ಬಾಯಿಗೆ ಟವೆಲ್ ಸುತ್ತಿ, ಬರಿಗಾಲಲ್ಲಿ ಹೊಡೆಯುವ ನಮ್ಮ ಹುಡುಗರಲ್ಲಿ ಆ ಪರವಾನಗಿ ಯಾರ ಜೇಬಿನಲ್ಲಿದೆ ಎಂದು ಯಾರು ಕೇಳಿದರು? ಅವರ ಮೈ ತುರಿಕೆಗೆ ಯಾವ ಅನುಸೂಚಿ ಇದೆ?

ಹೋಗುತ್ತಿರುವುದು ಗೋಣಿಸೊಪ್ಪು ಒಂದೇ ಅಲ್ಲ. ಬೇಲಿಯ ಕಳ್ಳಿ, ಕತ್ತಾಳೆ, ತಂಗಡಿ ಕಿತ್ತು ಕಲ್ಲುಕಂಬ, ತಂತಿ ಹಾಕಿದ್ದಾರೆ. ತಂಗಡಿ ಹೋದರೆ ಅದರ ಎಲೆ ತಿನ್ನುವ ತೆಳು ಹಸಿರು ಬಿಳುಪಿನ ಚಿಟ್ಟೆಗಳು ಮೊಟ್ಟೆ ಎಲ್ಲಿಡಬೇಕು? ಗಿಲಿಗಿಚ್ಚೆ ಹೋದರೆ, ಹೆಣ್ಣನ್ನು ಒಲಿಸುವ ಗಂಧಕ್ಕಾಗಿ ಆ ಗಿಡದ ರಸ ಹೀರಲು ಮುಗಿಬೀಳುವ ನೀಲಿ ಹುಲಿ ಚಿಟ್ಟೆಗಳು ಎಲ್ಲಿಗೆ ಹೋಗಬೇಕು? ಹಿತ್ತಲ ಕರಿಬೇವಿಗೆ ಮಾತ್ರ ಇನ್ನೂ ಯಾರೂ ಕೈ ಹಚ್ಚಿಲ್ಲ. ಹಾಗಾಗಿ ನಿಂಬೆ ಚಿಟ್ಟೆಯ ಹುಳು ಬದುಕಿದೆ. ಎಳೆಯದಾಗಿದ್ದಾಗ ಹಕ್ಕಿಯ ಹಿಕ್ಕೆಯಂತೆ ಕಾಣುತ್ತದೆ, ಬಲಿತ ಮೇಲೆ ಎಲೆಯ ಹಸಿರಿಗೆ ತಿರುಗುತ್ತದೆ. ಮುಟ್ಟಿದರೆ ಕತ್ತಿನಿಂದ ಕವಲು ಕೊಂಬು ಹೊರಹಾಕಿ ಘಾಟು ಬಿಡುತ್ತದೆ. ನಮ್ಮ ಮಕ್ಕಳು ಆ ಘಾಟಿಗೆ ಕಿರುಚಿ ಓಡುತ್ತಾರೆ, ಮತ್ತೆ ಬಂದು ಮುಟ್ಟುತ್ತಾರೆ. ಚಿಟ್ಟೆಯ ಪಾಠ ಶುರುವಾಗಬೇಕಾದದ್ದು ಅಲ್ಲಿಂದ.

ಸರ್ಕಾರಕ್ಕೆ ಪತಂಗದ ಬಗ್ಗೆ ಕಾಳಜಿ ಇಲ್ಲವೆನ್ನಲಾಗದು. ಒಂದು ಪತಂಗಕ್ಕೆ ಇಡೀ ಇಲಾಖೆ ಇದೆ, ರಾಮನಗರದಲ್ಲಿ ದೊಡ್ಡ ಮಾರುಕಟ್ಟೆ ಇದೆ, ಹಿಪ್ಪುನೇರಳೆಗೆ ಸಹಾಯಧನ ಇದೆ. ರೇಷ್ಮೆಯ ಆ ಪತಂಗ ಹಾರಲಾರದು ಎಂಬುದೊಂದೇ ಅದರ ಅರ್ಹತೆ. ಹಾರುವುದನ್ನು ಮರೆಯದೇ ಉಳಿದ ಸಾವಿರಾರು ಪತಂಗಗಳಿಗೆ ನಮ್ಮಲ್ಲಿರುವುದು ಔಷಧಿ ಅಂಗಡಿ ಒಂದೇ.

ಶಿಫಾರಸುಗಳು

ಒಂದು: ಬದುವಿನ ಮೇಲೆ ಮಾರಗಲ ಜಾಗ ಬಿಟ್ಟು ಉಳಿದೆಡೆ ಬೇಕಾದ್ದು ಮಾಡಿಕೊಳ್ಳಿ. ಬಿಟ್ಟ ಜಾಗದಲ್ಲಿ ಡಬ್ಬಿ ತೆರೆಯಬೇಡಿ. ಹಾಗೆ ಬಿಟ್ಟವರಿಗೆ ಪಂಚಾಯಿತಿ ಒಂದಿಷ್ಟು ಕೂಲಿ ಕೊಡಲಿ. ಅರಣ್ಯೀಕರಣದ ಹೆಸರಲ್ಲಿ ಒಣಗುವ ಸಸಿಗಳಿಗೆ ಹಾಕುವ ದುಡ್ಡಿಗಿಂತ ಇದು ದಂಡವಾಗದು.

ಎರಡು: ಶಾಲೆಗಳಲ್ಲಿ ಚಿಟ್ಟೆಯ ಚಾರ್ಟು ತೂಗುಹಾಕುವ ಮೊದಲು ಒಂದು ಕರಿಬೇವು, ಒಂದು ಎಕ್ಕ ನೆಡಿ.

ಮೂರು: ಇನ್ನು ಮುಂದೆ ಈ ಸೀಮೆಗೆ ಬರುವ ಎಲ್ಲ ವರ್ಗದ ವೀಕ್ಷಕರೂ ತಮ್ಮ ಪಟ್ಟಿಗೆ ಎರಡು ಅಂಕಣ ಹಾಕತಕ್ಕದ್ದು. ಮೊದಲನೆಯದರಲ್ಲಿ ಕಂಡ ಚಿಟ್ಟೆಯ ಹೆಸರು, ಎರಡನೆಯದರಲ್ಲಿ ಅದರ ಹುಳು ತಿನ್ನುವ ಗಿಡ. ಎರಡನೆಯದು ಗೊತ್ತಿಲ್ಲದಿದ್ದರೆ ಪಕ್ಕದ ಹೊಲದಲ್ಲಿ ಕೆಲಸ ಮಾಡುತ್ತಿರುವವರನ್ನು ಕೇಳತಕ್ಕದ್ದು, ಹೇಳಿದವರ ಹೆಸರು ಬರೆದುಕೊಳ್ಳತಕ್ಕದ್ದು. ಕೇಳಲು ಮನಸ್ಸಿಲ್ಲದವರು ಮೊದಲ ಅಂಕಣವನ್ನೂ ಹೊಡೆದುಹಾಕಿ ಮನೆಗೆ ಹೋಗಬಹುದು.