ಗುಜರಿಯಲ್ಲಿ ಮಾವ

ಸಿನಿಮಾದಲ್ಲಿ ಗುಜರಿ ಅಂಗಡಿಯ ಫೈಟಿಂಗ್ ಶುರುವಾದರೆ ಎಲ್ಲರೂ ಹೀರೋನನ್ನು ನೋಡುತ್ತಾರೆ. ಬಂಗಾರಪೇಟೆಯ ನಮ್ಮ ಸೋದರಮಾವ ಮಾತ್ರ ಹಿಂದೆ ತುಕ್ಕು ಹಿಡಿದು ನಿಂತ ಗಾಡಿಗಳ ಕುಲಗೋತ್ರ ವಿಚಾರಿಸುತ್ತಾರೆ.

“ಅಂಬಾಸಿಡರ್ ಅಂತೀಯಲ್ಲ, ಅದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಣೋ! ನಮ್ಮ ಬೌರಿಂಗ್‌ಪೇಟೆ ಬಂಗಾರಪೇಟೆ ಆದ ಹಾಗೆ ಹೆಸರು ಬದಲಾಯಿಸಿಕೊಂಡಿದೆ, ಅಷ್ಟೆ.”

“ಅದರ ಪಕ್ಕದ್ದು ಮಾವ?”

“ಬಾನೆಟ್ಟು ಮಡ್‌ಗಾರ್ಡ್ ಸಮೇತ ಮುಂದಕ್ಕೆ ಬಗ್ಗಿದೆಯಲ್ಲ, ಹೆರಾಲ್ಡು. ಬಾಗಿಲು ಎಣಿಸು. ನಾಲ್ಕಿದ್ದರೆ ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿಯದು. ಬ್ರಿಟಿಷರ ಹೆರಾಲ್ಡ್ ಕಾರಿಗೆ ಎರಡೇ.”

ನಾಲ್ಕು ಬಾಗಿಲು ಯಾಕೆ ಬೇಕಾಯಿತು ಎಂದು ನಾನು ಕೇಳಲಿಲ್ಲ. ನಮ್ಮ ಮದುವೆ ದಿಬ್ಬಣಗಳನ್ನು ನೋಡಿದವರಿಗೆ ಅದು ಗೊತ್ತು.

ಪ್ರೀಮಿಯರ್ ಪದ್ಮಿನಿ ಕಂಡರೆ ಮಾವನಿಗೆ ಸಿಟ್ಟು. ಮೂಲ ಇಟಲಿಯ ಫಿಯೆಟ್, ಪಂಕ್ತಿಭೇದವಾಯಿತಂತೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೆ.ಜಿ.ಎಫ್ ಚಿನ್ನದ ಗಣಿಗೆ ಇಳಿದ ಸೀಮೆಯವರಲ್ಲವೆ, ಬ್ರಿಟಿಷ್ ಕಬ್ಬಿಣದ ಮೇಲೆ ಇವರಿಗೆ ಬಾಂಧವ್ಯ ಜಾಸ್ತಿ. 2001ರಲ್ಲಿ ಗಣಿ ಮುಚ್ಚಿತು, ಬಾಂಧವ್ಯ ಮುಚ್ಚಲಿಲ್ಲ.

2018ರಲ್ಲಿ ‘ಕೆ.ಜಿ.ಎಫ್’ ಬಂದಾಗ ಊರಿಗೆ ಊರೇ ಸೈನೈಡ್ ಗುಡ್ಡ ಗುರುತಿಸಿ ಕೇಕೆ ಹಾಕಿತು. ಮಾವ ಟೈರು ನೋಡುತ್ತಿದ್ದರು.

ಮೊನ್ನೆ ಟೀವಿಯಲ್ಲಿ ಯಾವುದೋ ಹೀರೋ ಖಳನಾಯಕನನ್ನೆತ್ತಿ ಹಳೇ ಲ್ಯಾಂಡ್‌ಮಾಸ್ಟರ್ ಮೇಲೆ ಒಗೆದ. ಮಾವ ಎದೆ ಹಿಡಿದುಕೊಂಡರು. ಅತ್ತೆ ಗಾಬರಿಯಿಂದ ನೀರು ತಂದರು.

“ನನಗೇನೂ ಆಗಿಲ್ಲ ಕಣೇ, ಗ್ರಿಲ್ ಹೋಯ್ತು!”